ಮೆಟ್ನರ್ ಸಂಗೀತಕ್ಕೆ ಮೈಸೂರಿನ ಆಸರೆ

ಪ್ರಶ್ನೆ: ವಿದೇಶಿ ಸಂಗೀತಗಾರರೊಬ್ಬರ ಸಿಂಫನಿಗಳನ್ನೆಲ್ಲ ಮೈಸೂರು ಮಹಾರಾಜರು ರೆಕಾರ್ಡ್ ಮಾಡಿಸಿದ್ದರಂತೆ, ನಿಜವೇ?
– ಓದುಗರು, ಗುಂಡ್ಲುಪೇಟೆ

ಉತ್ತರ: ರೆಕಾರ್ಡ್ ಮಾಡಿಸಿದ್ದು ನಿಜ, ಸಿಂಫನಿಗಳನ್ನಲ್ಲ. ರಷ್ಯದ ನಿಕೊಲಾಯ್ ಮೆಟ್ನರ್ ಸಿಂಫನಿ ಬರೆದವರೇ ಅಲ್ಲ. ಪಿಯಾನೊ ಅವರ ಜೀವಾಳ. ಲಂಡನ್ನಿನಲ್ಲಿ ಹೃದ್ರೋಗದಿಂದ ಬಳಲುತ್ತಿದ್ದ ಅವರ ಕೃತಿಗಳೆಲ್ಲ ಉಳಿಯಲೆಂದು, ಮೈಸೂರಿನ ಮಹಾರಾಜ ಜಯಚಾಮರಾಜ ಒಡೆಯರು 1940ರ ದಶಕದ ಕೊನೆಯಲ್ಲಿ ಹಣ ಒದಗಿಸಿದರು. ಫಿಲ್‌ಹಾರ್ಮೋನಿಯಾ ವಾದ್ಯವೃಂದದೊಡನೆ ಮೂರೂ ಪಿಯಾನೊ ಕನ್ಚರ್ಟೊಗಳನ್ನು ಮೆಟ್ನರ್ ತಾವೇ ನುಡಿಸಿದರು. ಆಗಿನ ಎಚ್‌ಎಂವಿ ಗ್ರಾಮಫೋನ್ ಪ್ಲೇಟಿನ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದುದು ನಾಲ್ಕೈದು ನಿಮಿಷ. ಅರ್ಧ ಗಂಟೆ ಮೀರಿದ ಕೃತಿಯನ್ನು ತುಂಡು ತುಂಡಾಗಿ ನುಡಿಸಬೇಕಿತ್ತು. ಕಾಯಿಲೆಯ ಮುದುಕರಿಗೆ ಅದೇನು ಸುಲಭವೇ! ಎಲ್ಲವೂ ಮುಗಿಯಲಿಲ್ಲ, 1951ರಲ್ಲಿ ಅವರು ತೀರಿಕೊಂಡರು. ಮಹಾರಾಜರಿಗೇ ಅರ್ಪಿಸಿದ ಮೂರನೆಯ ಕನ್ಚರ್ಟೊವನ್ನು ತಪ್ಪದೆ ಕೇಳಿ.