ಆ ಜಾಲರಿಯನ್ನು ತೆಗೆಸಲು ಮರೆಯಬೇಡಿ!

ಟೀ ಸೋಸುವ ಜಾಲರಿ ಇಲ್ಲದ ಅಡಿಗೆಮನೆ ಉಂಟೇ, ಸೋದರಿಯರೇ? ಸೋಸಿ ಆಯಿತೆಂದರೆ ತೊಳೆದು ಮೊಳೆಗೆ ತಗುಲಿಹಾಕುತ್ತೇವೆ. ಆದರೆ ನಮ್ಮ ಮನೆಯಲ್ಲಿ ಒಂದು ಜಾಲರಿ ಮರೆತೇಹೋಗಿತ್ತು. ಅದು ಇದ್ದದ್ದು ಅಡಿಗೆಮನೆಯಲ್ಲಲ್ಲ, ನನ್ನ ಓರಗಿತ್ತಿಯ ಹೊಟ್ಟೆಯೊಳಗಿನ ರಕ್ತನಾಳದಲ್ಲಿ!

2023ರ ಯುಗಾದಿಯ ದಿನ ಅಕ್ಕ (ಓರಗಿತ್ತಿಯನ್ನು ನಾನು ಕರೆಯುವುದು ಹಾಗೆ) ತೋರಣ ಕಟ್ಟಲು ಸ್ಟೂಲು ಹತ್ತಿ ಬಿದ್ದರು. ತೊಡೆಯ ಮೂಳೆ ಮುರಿಯಿತು. ಆಪರೇಷನ್ ಆಗಿ ಮಲಗಿದ್ದಾಗ ಒಂದು ಕಾಲು ಕಂಬದ ಹಾಗೆ ಊದಿಕೊಂಡಿತು. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಗರಣೆಯಾಗಿದೆ ಎಂದರು ಡಾಕ್ಟರು. ಇಂಥ ಗರಣೆ ಕಳಚಿಕೊಂಡು, ಹೊಟ್ಟೆಯ ದೊಡ್ಡ ಅಭಿಧಮನಿಯ ಮೂಲಕ ಹೃದಯಕ್ಕೆ, ಅಲ್ಲಿಂದ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡರೆ ಪ್ರಾಣಕ್ಕೇ ಅಪಾಯ. ಸಾಮಾನ್ಯವಾಗಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಿ ಕೊಡುತ್ತಾರೆ. ಆದರೆ ಅಕ್ಕನಿಗೆ ಅದೇ ವಾರ ಹೊಟ್ಟೆಯ ಹುಣ್ಣಿನಿಂದ ರಕ್ತ ಹೋಗುತ್ತಿತ್ತು. ಔಷಧಿ ಕೊಟ್ಟರೆ ಆ ರಕ್ತ ನಿಲ್ಲುವುದು ಹೇಗೆ? ಅತ್ತ ದರಿ, ಇತ್ತ ಪುಲಿ!

ಆಗ ಹಾಕಿದ್ದೇ ಈ ಜಾಲರಿ. ಡಾಕ್ಟರುಗಳು ಫಿಲ್ಟರ್ ಅನ್ನುತ್ತಾರೆ. ಬಟ್ಟೆ ಕಿತ್ತ ಪುಟ್ಟ ಕೊಡೆಯ ಕಡ್ಡಿಗಳಂತೆ ಇರುತ್ತದೆ. ಅದನ್ನು ಮಡಿಸಿ ಸಣ್ಣ ನಳಿಕೆಯೊಳಗಿಟ್ಟು, ಕುತ್ತಿಗೆಯ ಇಲ್ಲವೇ ತೊಡೆಸಂದಿನ ರಕ್ತನಾಳದಿಂದ ಇಳಿಸಿ, ಹೊಟ್ಟೆಯ ಅಭಿಧಮನಿಯಲ್ಲಿ ಬಿಡಿಸುತ್ತಾರೆ. ರಕ್ತ ಹರಿಯುತ್ತಲೇ ಇರುತ್ತದೆ, ದೊಡ್ಡ ಗರಣೆ ಮಾತ್ರ ಸಿಕ್ಕಿಬೀಳುತ್ತದೆ. 1973ರಲ್ಲಿ ಅಮೆರಿಕದ ಡಾಕ್ಟರ್ ಗ್ರೀನ್‌ಫೀಲ್ಡ್ ಅವರು ತೈಲೋದ್ಯಮದ ಇಂಜಿನಿಯರ್ ಕಿಮೆಲ್ ಜೊತೆ ಸೇರಿ ತಂದ ಜಾಲರಿ ಕಾಯಂ ಆಗಿ ಒಳಗೇ ಇರುವಂಥದ್ದು. ಈಗ ತಾತ್ಕಾಲಿಕ ಜಾಲರಿಗಳೂ ಇವೆ. ಅನೇಕವುಗಳ ತುದಿಯಲ್ಲಿ ಕೊಕ್ಕೆ ಇರುತ್ತದೆ, ಕೆಲಸ ಮುಗಿದ ಮೇಲೆ ಕುತ್ತಿಗೆಯ ಕಡೆಯಿಂದ ಹಿಡಿದು ತೆಗೆಯಬಹುದು.

ಒಂದು ತಿಂಗಳಲ್ಲಿ ಹುಣ್ಣು ಮಾಗಿತು, ಮಾತ್ರೆ ಶುರುವಾಯಿತು, ಅಕ್ಕ ಓಡಾಡತೊಡಗಿದರು. ಮೂಳೆಯ ಡಾಕ್ಟರು ಮೂಳೆ ನೋಡಿದರು, ಹೊಟ್ಟೆಯ ಡಾಕ್ಟರು ಹೊಟ್ಟೆ ನೋಡಿದರು. ಜಾಲರಿಯ ಮಾತು ಯಾರೂ ಎತ್ತಲಿಲ್ಲ. ಗೌರಿಹಬ್ಬಕ್ಕೆಂದು ಬೀರು ಒಪ್ಪ ಮಾಡುವಾಗ ಆಸ್ಪತ್ರೆಯ ಕಾಗದ ನನ್ನ ಕೈಗೆ ಸಿಕ್ಕಿತು. ಕೆಳಗೆ ಒಂದೇ ಸಾಲು: ಎರಡು ತಿಂಗಳೊಳಗೆ ಫಿಲ್ಟರ್ ತೆಗೆಸಬೇಕು!

"ಅಕ್ಕ, ಇದನ್ನು ತೆಗೆಸಿದಿರಾ?"

"ಹೊಲಿಗೆ ಬಿಚ್ಚಿದರಲ್ಲೇ, ಇನ್ನೇನು ತೆಗೆಸೋದು?"

ನನ್ನ ಎದೆ ಧಸಕ್ಕೆಂದಿತು. ಆರು ತಿಂಗಳಾಗುತ್ತ ಬಂದಿತ್ತು!

ಒಳಗಿದ್ದರೆ ಏನಂತೆ ಅನ್ನಬೇಡಿ. ಜಾಲರಿ ವಾಲಬಹುದು, ಕಡ್ಡಿ ಮುರಿಯಬಹುದು, ನಾಳದ ಗೋಡೆಗೆ ಚುಚ್ಚಿಕೊಳ್ಳಬಹುದು. 1998ರಲ್ಲಿ ಪ್ರಕಟವಾದ, 400 ರೋಗಿಗಳ ಮೇಲೆ ಫ್ರಾನ್ಸಿನಲ್ಲಿ ನಡೆದ ಅಧ್ಯಯನದಲ್ಲಿ, ಕಾಯಂ ಜಾಲರಿ ಹಾಕಿಸಿಕೊಂಡವರಿಗೆ ಎರಡು ವರ್ಷದೊಳಗೆ ಕಾಲಿನಲ್ಲಿ ಮತ್ತೆ ಗರಣೆ ಕಟ್ಟಿದ್ದು ಉಳಿದವರಿಗಿಂತ ಹೆಚ್ಚು. ಅಮೆರಿಕ ಸರ್ಕಾರದ ಔಷಧ ಇಲಾಖೆ 2010ರಲ್ಲೇ ಎಚ್ಚರಿಸಿತ್ತು. ಗರಣೆಯ ಅಪಾಯ ಕಳೆದಿದ್ದರೆ, ಹಾಕಿದ 29ರಿಂದ 54ನೇ ದಿನದ ನಡುವೆ ತೆಗೆಸುವುದೇ ಮೇಲು ಎಂದು 2014ರಲ್ಲಿ ಮತ್ತೆ ಹೇಳಿತು.

ಅಕ್ಕನ ಜಾಲರಿ ವಾಲಿ, ಕೊಕ್ಕೆ ಗೋಡೆಗೆ ಅಂಟಿತ್ತು. ಮೊದಲ ಸಲ ಬರಲೇ ಇಲ್ಲ. ಇನ್ನೊಂದು ದಿನ ಎರಡು ಗಂಟೆ ಹೆಣಗಿ ತೆಗೆದರು. ದೇವರು ದೊಡ್ಡವನು!

ನಿಮ್ಮ ಮನೆಯಲ್ಲಿ ಯಾರಿಗಾದರೂ ಇದನ್ನು ಹಾಕಿದರೆ ಇಷ್ಟು ಮಾಡಿ:

1. ಇದು ತಾತ್ಕಾಲಿಕವೋ ಕಾಯಮ್ಮೋ, ತೆಗೆಯುವುದು ಯಾವಾಗ, ಯಾರು ಎಂದು ಮನೆಗೆ ಹೊರಡುವ ಮುಂಚೆಯೇ ಕೇಳಿ.

2. ಆ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತುಹಾಕಿ.

3. ಜಾಲರಿ ಇದೆಯಲ್ಲ ಅಂತ ಮಾತ್ರೆ ಬಿಡಬೇಡಿ. ಅದು ಗರಣೆಯನ್ನು ತಡೆದು ನಿಲ್ಲಿಸುತ್ತದೆ, ಕರಗಿಸುವುದಿಲ್ಲ.

4. ಕೆಲವರಿಗೆ ಅದು ಒಳಗೇ ಇರಬೇಕಾಗುತ್ತದೆ. ಅದನ್ನು ಡಾಕ್ಟರೇ ತೀರ್ಮಾನಿಸಲಿ, ನಮ್ಮ ಮರೆವು ತೀರ್ಮಾನಿಸುವುದು ಬೇಡ.

ಹಾಲಿನ ಲೆಕ್ಕ, ಚೀಟಿಯ ಕಂತು, ಮಕ್ಕಳ ಫೀಸು ಎಲ್ಲವನ್ನೂ ನೆನಪಿಡುವವರು ನಾವೇ ತಾನೇ? ಇದೊಂದನ್ನೂ ಸೇರಿಸಿಕೊಳ್ಳೋಣ. ಬೀರುವಿನಲ್ಲಿರುವ ಆಸ್ಪತ್ರೆಯ ಕಾಗದದ ಕಟ್ಟನ್ನು ಇವತ್ತೇ ಒಮ್ಮೆ ಬಿಚ್ಚಿ ನೋಡಿ.