ಕಸವೆತ್ತುವ ವ್ಯಾಯಾಮ

ಓಡುತ್ತ, ನಡುನಡುವೆ ಬಾಗಿ ಹಾದಿಯ ಕಸವನ್ನು ಆಯ್ದು ಚೀಲಕ್ಕೆ ತುಂಬುವ ‘ಪ್ಲಾಗಿಂಗ್’ ಎಂಬ ವ್ಯಾಯಾಮವು 2016ರಲ್ಲಿ ಸ್ವೀಡನ್ನಿನಲ್ಲಿ ಆರಂಭವಾಯಿತು. 2018ರ ಗಾಂಧೀಜಯಂತಿಯಂದು ಬೆಂಗಳೂರಿನವರೂ ಹೀಗೆ ಓಡಿದರು. ಇದು ದೇಹಕ್ಕೂ ಹಿತ, ಬೀದಿಗೂ ಹಿತ.

2025ರ ಅಕ್ಟೋಬರಿನಲ್ಲಿ ಇದೇ ನಗರವು ದಂಡೋಪಾಯವನ್ನು ಹಿಡಿಯಿತು. ಬೀದಿಗೆ ಕಸವೆಸೆದವರ ಮನೆಬಾಗಿಲಲ್ಲಿಯೇ ಕಸವನ್ನು ಸುರಿದು, ಜುಲ್ಮಾನೆಯನ್ನೂ ವಿಧಿಸಲಾಯಿತು. ದಂಡವು ಕೈಯನ್ನು ತಡೆಯುವುದು ನಿಜ. ಆದರೆ ನೋಡುವವರಿಲ್ಲದೆಡೆ ಆ ಕೈ ಮತ್ತೆ ಸಡಿಲುವುದು. ಬಹುಮಾನವೂ ಅಷ್ಟೆ: ಕಾಸು ನಿಂತರೆ ಕೆಲಸವೂ ನಿಲ್ಲುವುದುಂಟು. ಮಾಡಿದ ಕೆಲಸದಲ್ಲಿಯೇ ಸಂತೋಷ ದೊರೆತರೆ ಅದು ಅಭ್ಯಾಸವಾಗಿ ಉಳಿಯುವುದು.

ಆದುದರಿಂದ ಜಯನಗರ, ಬನಶಂಕರಿಗಳ ಗೃಹಸ್ಥರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ: ಬೆಳಗಿನ ಸಂಚಾರಕ್ಕೆ ಮಕ್ಕಳೊಡನೆ ಹೊರಡುವಾಗ ಒಂದು ಚೀಲವನ್ನೂ ಒಯ್ಯಿರಿ. ತಾನೇ ಬಾಗಿ ಶುಚಿಗೊಳಿಸಿದ ಬೀದಿಗೆ ಕಸವೆಸೆಯಲು ಮಗುವು ಯಾರ ಭಯವೂ ಇಲ್ಲದೆ ತಾನಾಗಿ ನಾಚುವುದು.