ಸೆಲ್ಫ್ ಹೊಡೆದರೆ ‘ಟಕ್’

ಕಂಪ್ಲಿಯಲ್ಲಿ ಸೋದರಮಾವನ ಮಗಳ ಮದುವೆ. ಬೆಳಗಿನ ಐದೂವರೆಗೆ ಹೊಸಪೇಟೆ ಸ್ಟೇಷನ್ನಿನಿಂದ ಬೀಗರನ್ನು ಕರೆತರಲು ಹೊರಟವನು ಕೀ ತಿರುಗಿಸಿದೆ. ‘ಟಕ್’ ಅಂತು. ಇನ್ನೊಮ್ಮೆ ತಿರುಗಿಸಿದೆ. ಮತ್ತೆ ‘ಟಕ್’. ಗಾಡಿ 2009ರದ್ದು, ಚಪ್ಪರದಡಿ ಇದ್ದವರೆಲ್ಲ ಆಗಲೇ ಮೇಸ್ತ್ರಿಗಳಾದರು. ಒಬ್ಬರು ಬ್ಯಾಟರಿ ಅಂದರು, ಇನ್ನೊಬ್ಬರು ಪಂಪು ಅಂದರು, ಮಾವ ‘ಮಾರಿಬಿಡೋ ಅತ್ಲಾಗೆ’ ಅಂದರು. ಎಂಟು ಜನ ಸೇರಿ ತಳ್ಳಿದೆವು. ಸೆಕೆಂಡ್ ಗೇರಿನಲ್ಲಿ ಕ್ಲಚ್ ಬಿಟ್ಟೊಡನೆ ಹತ್ತಿಕೊಂಡಿತು.

ಮರುದಿನ ಹೊಸ ಬ್ಯಾಟರಿ ಹಾಕಿಸಿದೆ. ಮೂರನೇ ದಿನಕ್ಕೆ ಮತ್ತದೇ ‘ಟಕ್’.

ಆಮೇಲೆ ಹೋದದ್ದು ಹಳೇ ಡೀಸೆಲ್ ಗಾಡಿಗಳನ್ನಷ್ಟೇ ಮುಟ್ಟುವ ಒಬ್ಬ ಮೇಸ್ತ್ರಿಯ ಹತ್ತಿರ. ಅವರು ಬಾನೆಟ್ ಎತ್ತಲೇ ಇಲ್ಲ. ‘ಹೆಡ್‌ಲೈಟ್ ಹಾಕಿ ಸೆಲ್ಫ್ ಹೊಡೀರಿ’ ಎಂದು ಗಾಡಿಯ ಮುಂದೆ ಹೋಗಿ ನಿಂತರು. ಸೆಲ್ಫ್ ಹೊಡೆದಾಗ ಬೆಳಕು ಸತ್ತುಹೋದರೆ ಬ್ಯಾಟರಿ ಇಲ್ಲವೇ ಅದರ ಟರ್ಮಿನಲ್ಲು. ಬೆಳಕು ಹಾಗೇ ಇದ್ದರೆ ಬ್ಯಾಟರಿಯಲ್ಲಿ ಕರೆಂಟು ಇದೆ, ಸೆಲ್ಫ್ ಮೋಟಾರಿಗೆ ತಲುಪುತ್ತಿಲ್ಲ. ನಮ್ಮದು ಎರಡನೇ ಜಾತಿ. ನಾಲ್ಕು ಸಲ ಹೊಡೆಸಿ, ಬಾನೆಟ್ ಎತ್ತಿ, ಇಂಜಿನ್ನಿನಿಂದ ಬಾಡಿಗೆ ಹೋಗುವ ದಪ್ಪ ಅರ್ತ್ ವೈರಿನ ಬೋಲ್ಟಿನ ಮೇಲೆ ಬೆರಳಿಟ್ಟು ಚಕ್ಕನೆ ತೆಗೆದರು. ‘ಮುಟ್ಟಿ ನೋಡ್ರಿ.’ ಇಸ್ತ್ರಿ ಪೆಟ್ಟಿಗೆಯಂತೆ ಸುಡುತ್ತಿತ್ತು. ತುಕ್ಕು ಹಿಡಿದ ಜೋಡಣೆಯಲ್ಲಿ ಕರೆಂಟು ತಡೆದು ಶಾಖವಾಗುತ್ತಿತ್ತು, ಸೆಲ್ಫಿಗೆ ಸಿಗುತ್ತಿದ್ದದ್ದು ಒಂದು ‘ಟಕ್’ಗಾಗುವಷ್ಟು ಮಾತ್ರ. ಎಮರಿ ಕಾಗದದಲ್ಲಿ ಉಜ್ಜಿ ಬಿಗಿದರು. ಕೂಲಿ ನೂರು ರೂಪಾಯಿ. ಬ್ಯಾಟರಿಗೆ ಸುರಿದ ಸಾವಿರಗಳು ನನ್ನ ಆತುರಕ್ಕೆ ತೆತ್ತ ದಂಡ.

ಅವತ್ತಿನಿಂದ ನಾನು ಮೊದಲು ಕಿವಿ ಕೊಡುತ್ತೇನೆ, ಪರ್ಸು ಆಮೇಲೆ. ‘ಟಕಟಕಟಕ’ ಎಂದು ಒಂದೇ ಸಮನೆ ಬಡಿದುಕೊಂಡರೆ ಬ್ಯಾಟರಿ ಸೋತಿದೆ. ಹನ್ನೆರಡು ವೋಲ್ಟಿನ ಬ್ಯಾಟರಿ ತುಂಬಿದ್ದಾಗ ಮೀಟರು 12.6 ತೋರಿಸಬೇಕು; ಇಂಜಿನ್ ಓಡುವಾಗ ಹದಿನಾಲ್ಕರ ಆಸುಪಾಸು ಇರದಿದ್ದರೆ ತಪ್ಪು ಬ್ಯಾಟರಿಯದಲ್ಲ, ಡೈನಮೋದ್ದು. ಮೋಟಾರು ‘ಗುರ್’ ಎಂದು ತಾನೊಂದೇ ತಿರುಗಿ ಇಂಜಿನ್ ಅಲುಗದಿದ್ದರೆ ಸೆಲ್ಫಿನ ಹಲ್ಲು ಕಚ್ಚುತ್ತಿಲ್ಲ. ಇಂಜಿನ್ ಚೆನ್ನಾಗಿ ತಿರುಗಿಯೂ ಹತ್ತಿಕೊಳ್ಳದಿದ್ದರೆ ಒಬ್ಬರನ್ನು ಸೈಲೆನ್ಸರ್ ಹತ್ತಿರ ನಿಲ್ಲಿಸಿ. ಬಿಳಿ ಹೊಗೆ ಬಂದರೆ ಡೀಸೆಲ್ ಒಳಗೆ ಹೋಗುತ್ತಿದೆ, ಉರಿಯುತ್ತಿಲ್ಲ: ಹೀಟರ್ ಪ್ಲಗ್ ನೋಡಬೇಕು, ಅಥವಾ ಕಂಪ್ರೆಷನ್ ಇಳಿದಿದೆ ಎಂದು ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು. ಹೊಗೆಯೇ ಇಲ್ಲವೆಂದರೆ ಡೀಸೆಲ್ಲೇ ಬರುತ್ತಿಲ್ಲ. ಬೆಳಿಗ್ಗೆ ಮಾತ್ರ ಕಾಟ, ಆಮೇಲೆ ದಿನವಿಡೀ ಸರಿ ಎಂದರೆ ಯಾವುದೋ ಪೈಪು ಗಾಳಿ ಎಳೆದುಕೊಂಡು ರಾತ್ರಿಯೆಲ್ಲ ಡೀಸೆಲ್ ಟ್ಯಾಂಕಿಗೆ ವಾಪಸು ಇಳಿಯುತ್ತಿರುತ್ತದೆ. ಫಿಲ್ಟರಿನ ತಲೆಯ ಮೇಲಿನ ಕೈಪಂಪನ್ನು ಗಟ್ಟಿಯಾಗುವವರೆಗೆ ಒತ್ತಿದರೆ ಅಂದಿನ ಕೆಲಸ ನಡೆಯುತ್ತದೆ, ರೋಗ ವಾಸಿಯಾಗುವುದಿಲ್ಲ.

ಈ ಸೀಮೆಯಲ್ಲಿ ಇಂಥ ಗಾಡಿಗಳಿಗೆ ಬರವಿಲ್ಲ. 1994ರಲ್ಲಿ ಸುಮೊ, 2000ದಲ್ಲಿ ಬೊಲೆರೊ, 2002ರಲ್ಲಿ ಸ್ಕಾರ್ಪಿಯೊ ಬಂದವು. ಗಣಿಯ ಅಬ್ಬರದ ದಿನಗಳಲ್ಲಿ ಮನೆ ಮುಂದೆ ಇಂಥದ್ದೊಂದು ನಿಲ್ಲುವುದು ಅಂತಸ್ತಿನ ಮಾತಾಗಿತ್ತು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಆ ಅಬ್ಬರದಲ್ಲಿ ಕೊಂಡ ಕೆಎ 34, ಕೆಎ 35ರ ಗಾಡಿಗಳಿಗೆ ಹದಿನೈದು ತುಂಬುತ್ತಿದೆ, ತುಂಬಿದೆ. ಆರ್‌ಟಿಒ ಮುಂದೆ ತಪಾಸಣೆಗೆ ನಿಲ್ಲಿಸಿ ಮತ್ತೈದು ವರ್ಷ ಬರೆಸಿಕೊಳ್ಳುವ ಕಾಲ.

ಆದರೆ ಒಂದೇ ವರ್ಷದ ಎರಡು ಗಾಡಿಗಳಿಗೆ ಮುಪ್ಪು ಒಂದೇ ಥರ ಬರುವುದಿಲ್ಲ. ನಮ್ಮ ಮೇಸ್ತ್ರಿ ಏರ್ ಕ್ಲೀನರ್ ಡಬ್ಬಿಯೊಳಗೆ ಬೆರಳಾಡಿಸಿ ನೋಡಿ, ‘ಸಂಡೂರು ಕಡೆ ಓಡಾಡ್ತೀರೇನ್ರಿ?’ ಅಂದರು. ಬೆರಳು ಕುಂಕುಮ ಮುಟ್ಟಿದ ಹಾಗೆ ಕೆಂಪಾಗಿತ್ತು. ಸಂಡೂರಿನ ಅದಿರು ಹೆಮಟೈಟ್. ಅಕ್ಕಸಾಲಿಗರು ಚಿನ್ನಕ್ಕೆ ಮೆರುಗು ಕೊಡಲು ಬಳಸುವ ರೂಜ್ ಎಂಬ ಕೆಂಪು ಪುಡಿಯೂ ಮೂಲದಲ್ಲಿ ಇದೇ ಕಬ್ಬಿಣದ ಆಕ್ಸೈಡು. ಚಿನ್ನಕ್ಕೆ ಮೆರುಗಾದದ್ದು ಲೈನರಿಗೆ, ರಿಂಗಿಗೆ ಸವೆತ. ಹರಿದ ಫಿಲ್ಟರಿನಲ್ಲಿ ದೋಣಿಮಲೈ ರಸ್ತೆ ಸುತ್ತಿದ ಗಾಡಿ ಆಯಿಲ್ ಕುಡಿಯತೊಡಗುತ್ತದೆ, ಕಂಪ್ರೆಷನ್ ಇಳಿದು ಬೆಳಗಿನ ಹೊತ್ತು ಎಬ್ಬಿಸುವುದೇ ಕಷ್ಟವಾಗುತ್ತದೆ. ಕಂಪ್ಲಿಯ ಗಾಡಿಗೆ ಧೂಳಿಗಿಂತ ಇಲಿ ಕೇಡು. ಭತ್ತ ಕೊಯ್ದ ಮೇಲೆ ಗದ್ದೆಯ ಇಲಿಗಳು ಬೆಚ್ಚಗಿನ ಇಂಜಿನ್ನಿನ ಸಂದು ಹುಡುಕಿ ಬರುತ್ತವೆ. ನನ್ನ ಸ್ನೇಹಿತರೊಬ್ಬರ ಏರ್ ಕ್ಲೀನರಿನಲ್ಲಿ ಒಂದು ಸೇರು ಹೊಟ್ಟು ಸಿಕ್ಕಿತ್ತು, ಕಡಿದ ವೈರು ಬೇರೆ. ಹೊಸಪೇಟೆಯದು ಬಿಸಿಲಿನ ಲೆಕ್ಕ. ನಲವತ್ತು ಡಿಗ್ರಿ ಬಿಸಿಲಲ್ಲಿ ಬಾನೆಟ್ಟಿನ ಕೆಳಗಿನ ಬ್ಯಾಟರಿ ನೀರು ಆರಿಸಿಕೊಂಡು, ಕೈಕೊಡುವುದು ಮಾತ್ರ ಮೊದಲ ಚಳಿಯ ಬೆಳಿಗ್ಗೆ.

ಇನ್ನು ಸದ್ದು. ಹಂಪಿಯ ವಿಜಯ ವಿಠ್ಠಲ ದೇವಾಲಯದ ಸ್ವರಕಂಬಗಳನ್ನು ಈಗ ತಟ್ಟಲು ಬಿಡುವುದಿಲ್ಲ, ಸರಿಯೇ. ಆದರೆ ಒಂದೊಂದು ಕಂಬ ಒಂದೊಂದು ದನಿ ಕೊಡುತ್ತದೆಂದು ನಂಬುವ ನಾವು, ಇಂಜಿನ್ನಿನ ಸದ್ದನ್ನೆಲ್ಲ ‘ಏನೋ ಸೌಂಡು’ ಎಂದು ಒಂದೇ ಮೂಟೆಗೆ ತುಂಬುತ್ತೇವೆ. ಮೇಸ್ತ್ರಿ ಉದ್ದನೆ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿನ ಒಂದೊಂದು ಭಾಗಕ್ಕೆ ಊರಿ, ಹಿಡಿಯನ್ನು ಕಿವಿಗೆ ಒತ್ತಿ ಕಣ್ಣು ಮುಚ್ಚುತ್ತಾರೆ. ತಣ್ಣಗಿನ ಇಂಜಿನ್ನಿನಲ್ಲಿ ‘ಕೀಂಯ್’ ಎಂದರೆ ಬೆಲ್ಟಿನ ಮೇಲೆ ನಾಲ್ಕು ಹನಿ ನೀರು ಚಿಮುಕಿಸುತ್ತಾರೆ. ಸದ್ದು ಕ್ಷಣಕ್ಕಾದರೂ ನಿಂತರೆ ಬೆಲ್ಟೇ ಕಳ್ಳ. ನಿಲ್ಲದಿದ್ದರೆ ಡೈನಮೋ ಇಲ್ಲವೇ ವಾಟರ್ ಪಂಪಿನ ಬೇರಿಂಗು. ಮೇಲಿನಿಂದ ಬರುವ ಹಗುರ ‘ಟಿಕ್‌ಟಿಕ್’ ಟ್ಯಾಪೆಟ್ಟಿನದು; ಕ್ರ್ಯಾಂಕ್ ಎರಡು ಸುತ್ತಿದರೆ ಕ್ಯಾಮ್ ಸುತ್ತುವುದು ಒಂದೇ, ಹಾಗಾಗಿ ಅದರ ತಾಳ ನಿಧಾನ. ಕೆಳಗಿನಿಂದ, ಏರು ಹತ್ತುವಾಗ, ‘ದಡ್ ದಡ್’ ಎಂಬ ಗಟ್ಟಿ ಏಟು ಕೇಳಿದರೆ ಬೇರಿಂಗು. ಅಲ್ಲೇ ಆಫ್ ಮಾಡಿ ಟೋಯಿಂಗಿಗೆ ಫೋನ್ ಮಾಡಿ. ‘ಮೆಲ್ಲಗೆ ಮನೆ ತನಕ’ ಅಂದುಕೊಂಡವರು ಕ್ರ್ಯಾಂಕನ್ನೂ ಕಳೆದುಕೊಂಡಿದ್ದಾರೆ.

ಹಳೇ ಪಂಪಿನ ಇಂಜಿನ್ನುಗಳಲ್ಲಿ ನಾಝಲ್ಲಿನ ಪೈಪಿನ ನಟ್ಟನ್ನು ಒಂದೊಂದಾಗಿ ಸಡಿಲಿಸಿ ಬಡಿತ ಯಾವ ಸಿಲಿಂಡರಿನದೆಂದು ಹಿಡಿಯುತ್ತಾರೆ. ಕಾಮನ್ ರೇಲ್ ಗಾಡಿಗೆ ಈ ವಿದ್ಯೆ ಬೇಡವೇ ಬೇಡ. ಅಲ್ಲಿ ಡೀಸೆಲ್ಲಿನ ಒತ್ತಡ ಸಾವಿರ ಬಾರ್ ದಾಟುತ್ತದೆ. ಚಿಮ್ಮಿದರೆ ಚರ್ಮದೊಳಗೇ ಇಳಿಯುತ್ತದೆ.

ಹೋದ ವಾರ ಸಂಡೂರಿನಿಂದ ಬಂದ ಮರುದಿನ ಹಂಪಿಗೆ ಹೊರಟಿದ್ದೆ. ಕಮಲಾಪುರ ದಾಟಿ ಬಂಡೆಗಳ ನಡುವೆ ಹೋಗುವಾಗ ಗಾಜು ಇಳಿಸಿದ್ದೆ. ಕಲ್ಲಿಗೆ ತಾಗಿ ಸದ್ದು ಸ್ಪಷ್ಟವಾಗಿ ತಿರುಗಿ ಬರುತ್ತದೆ. ‘ಟಿಕ್, ಟಿಕ್, ಟಿಕ್.’ ಎದೆ ಧಸಕ್ಕೆಂದಿತು, ಟ್ಯಾಪೆಟ್ಟೇ ಇರಬೇಕು. ಗೇರು ನ್ಯೂಟ್ರಲ್ ಮಾಡಿ ಎಕ್ಸಲೇಟರ್ ಒತ್ತಿದೆ. ಇಂಜಿನ್ ಕೂಗಿತು, ‘ಟಿಕ್’ ಮಾತ್ರ ತನ್ನ ಪಾಡಿಗೆ ತಾನಿತ್ತು. ಗಾಡಿ ನಿಧಾನವಾದಂತೆ ಅದೂ ನಿಧಾನವಾಯಿತು. ಪಕ್ಕಕ್ಕೆ ನಿಲ್ಲಿಸಿ ಚಕ್ರ ನೋಡಿದೆ. ಎಡ ಹಿಂಬದಿಯ ಟೈರಿನ ಗೀರಿನಲ್ಲಿ ಒಂದು ಕಲ್ಲು. ಕೀಲಿಯಿಂದ ಮೀಟಿ ತೆಗೆದೆ. ಹುಣಿಸೆ ಬೀಜದಷ್ಟೇ ಗಾತ್ರ, ಅಂಗೈಗೆ ಹತ್ತಿದ್ದು ಕೆಂಪು.